ಹಗೇವಿನ ಬಾಯಿ

ಮೀರಜಿನಿಂದ ಬೆಳಗಾವಿಯತ್ತ ಹೊರಟ ಗಾಡಿ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ನಿಲ್ದಾಣಗಳನ್ನು ಒಂದೊಂದಾಗಿ ದಾಟುತ್ತಿರುವಾಗ ಕಿಟಕಿಯ ಬಳಿ ಕುಳಿತ ಪ್ರಯಾಣಿಕನ ಕಣ್ಣಿಗೆ ಬೀಳುವುದೆಲ್ಲ ನೆಲದ ಮೇಲಿನ ಸಂಪತ್ತು. ಕೃಷ್ಣೆಯ ಎರಡೂ ದಂಡೆಗಳಲ್ಲಿ ಕಬ್ಬು ತಲೆದೂಗುತ್ತದೆ. ಸಕ್ಕರೆ ಕಾರಖಾನೆಯ ಚಿಮಣಿಗಳು ಹೊಗೆಯುಗುಳುತ್ತವೆ. ಇನ್ನೂ ಪಶ್ಚಿಮಕ್ಕೆ ಸರಿದರೆ ನಿಪ್ಪಾಣಿಯ ತಂಬಾಕಿನ ಘಾಟು ಮೂಗಿಗೆ ಅಡರುತ್ತದೆ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂಬ ಈ ಐದು ಊರುಗಳ ಸೀಮೆ ಕರ್ನಾಟಕದ ವಾಯವ್ಯದ ಅಂಚು. ಇಲ್ಲಿಯ ಸಂತೆಗಳಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಆದರೆ ಈ ಸೀಮೆಗೆ ಇನ್ನೊಂದು ನಕಾಶೆಯೂ ಉಂಟು. ಅದು ನೆಲದ ಮೇಲಿನದಲ್ಲ, ನೆಲದ ಒಳಗಿನದು. ಮಣ್ಣಿನ ಮೇಲೆ ಬೆಳೆದದ್ದನ್ನು ಹಿರಿಯರು ಮಣ್ಣಿನ ಕೆಳಗೆ ಬಚ್ಚಿಟ್ಟರು. ಬಚ್ಚಿಟ್ಟದ್ದನ್ನು ಉಂಡು ಮುಗಿಸಿದ ಮೇಲೆ ಬರಿದಾದ ಕುಳಿಗೆ ಕಸ ತುಂಬಿದರು. ಕಸದ ಮೇಲೆ ಮತ್ತೆ ಮನೆ ಕಟ್ಟಿದರು. ಈ ಒಳಗಿನ ಊರನ್ನು ನೋಡಬೇಕೆನ್ನುವವರು ಕುತೂಹಲವನ್ನಷ್ಟೇ ಅಲ್ಲ, ಎಚ್ಚರವನ್ನೂ ಜೊತೆಗೆ ಒಯ್ಯಬೇಕು. ಏಕೆಂದರೆ ಇಲ್ಲಿ ಗುಂಡಿಯೊಂದಕ್ಕೆ ಇಳಿದವನು ಮೇಲೆ ಬರುವನೆಂಬ ಭರವಸೆ ಯಾವ ಕಾಲಕ್ಕೂ ಇರಲಿಲ್ಲ.

ಕಾಗವಾಡದ ನೆಲಮಾಳಿಗೆ

ಒಳಗಿನ ಊರಿನ ದರ್ಶನಕ್ಕೆ ಕಾಗವಾಡದಿಂದ ಹೊರಡುವುದು ಉಚಿತ. ಇಲ್ಲಿಯ ಹಳೆಯ ಜೈನ ಬಸದಿಗೆ ಒಂದು ನೆಲಮಾಳಿಗೆಯಿದೆ. ಮೇಲಿನ ಬಿಸಿಲಿನಿಂದ ಕೆಳಗಿನ ತಂಪಿಗೆ ಇಳಿದವರಿಗೆ ಕಾಲವೂ ಕೆಲವು ಮೆಟ್ಟಿಲು ಹಿಂದಕ್ಕೆ ಸರಿದಂತೆ ಭಾಸವಾಗುತ್ತದೆ. ಕ್ರಿ. ಶ. 1394ರ ಇಲ್ಲಿಯ ಶಾಸನವೊಂದು ಯಾಪನೀಯ ಸಂಘದ ಗುರುಗಳನ್ನು ಹೆಸರಿಸುತ್ತದೆ. ದಿಗಂಬರ ಶ್ವೇತಾಂಬರಗಳ ನಡುವಣ ಹಾದಿ ಹಿಡಿದ ಈ ಸಂಘ ಒಂದು ಕಾಲಕ್ಕೆ ಕನ್ನಡ ನಾಡಿನಲ್ಲಿ ರಾಜರ ಮನ್ನಣೆ ಪಡೆದು ಮೆರೆದು, ಕಡೆಗೆ ಹೆಸರೂ ಉಳಿಯದಂತೆ ಕರಗಿಹೋಯಿತು. ಅದರ ಕೊನೆಯ ಕುರುಹುಗಳಲ್ಲೊಂದು ಉಳಿದುಕೊಂಡದ್ದು ಹೀಗೆ ನೆಲದ ಮರೆಯಲ್ಲಿ. ಯಾಪನೀಯರ ಕಥೆಯನ್ನು ವಿದ್ವಲ್ಲೋಕಕ್ಕೆ ತಿಳಿಸಿದವರಲ್ಲಿ ಅಗ್ರಗಣ್ಯರಾದ ಡಾ. ಆ. ನೇ. ಉಪಾಧ್ಯೆಯವರು ಹುಟ್ಟಿದ್ದು ಇದೇ ಸೀಮೆಯ ಸದಲಗಾದಲ್ಲಿ, 1906ರಲ್ಲಿ.

ದೇವರನ್ನೂ ಶಾಸನವನ್ನೂ ನೆಲದೊಳಗೆ ಕಾಪಾಡಿದ ಜನ ಅನ್ನವನ್ನು ಕಾಪಾಡದೆ ಇದ್ದಾರೆಯೇ? ಅದನ್ನು ಕಾಣಲು ಅಥಣಿ ರಾಯಬಾಗಗಳ ಕಡೆಗೆ ತಿರುಗಬೇಕು.

ದಂಡಿನ ದಾರಿಯ ಊರುಗಳು

ಅಥಣಿಯೂ ರಾಯಬಾಗವೂ ಆದಿಲಶಾಹಿಯ ಕಾಲಕ್ಕೆ ಹೆಸರಾಂತ ಪೇಟೆಗಳು. ವಿಜಾಪುರಕ್ಕೂ ಪಶ್ಚಿಮ ಕರಾವಳಿಗೂ ನಡುವೆ ಎತ್ತಿನ ಹೇರುಗಳು ಓಡಾಡುತ್ತಿದ್ದ ದಾರಿ ಇವುಗಳ ಮೇಲೆಯೇ ಹಾಯುತ್ತಿತ್ತು. 1639ರಲ್ಲಿ ಗೋವೆಯನ್ನು ಕಂಡಿದ್ದ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋವಿನ ಹೆಸರಿನ ಪ್ರವಾಸಕಥನದಲ್ಲಿ ಈ ದಾರಿಯ ಊರುಗಳ ವರ್ಣನೆ ಬರುತ್ತದೆ. ಆದರೆ ವ್ಯಾಪಾರಿಯ ಎತ್ತು ನಡೆದ ದಾರಿಯಲ್ಲಿಯೇ ದಂಡಿನ ಕುದುರೆಯೂ ನಡೆಯುತ್ತದೆ. 1679ರಲ್ಲಿ ಮೊಗಲ ಸರದಾರ ದಿಲೇರಖಾನನ ಸೈನ್ಯ ಅಥಣಿಯನ್ನು ಸೂರೆಗೊಂಡಿತು. ದಂಡು ಬಂದರೆ ಕಣಜ ಉಳಿಯದು. ಕಣಕ್ಕೆ ಬೆಂಕಿ ಬಿದ್ದರೆ ವರ್ಷದ ಅನ್ನ ಬೂದಿ. ದಂಡು ಬಾರದ ವರುಷ ಮಳೆ ಬಾರದು. 1876ರಿಂದ 1878ರ ವರೆಗಿನ ಮಹಾ ಬರಗಾಲ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿದ ಬಗೆ ಇಂದಿಗೂ ಹಿರಿಯರ ಮಾತಿನಲ್ಲಿ ಮಾಸಿಲ್ಲ.

ಇಂಥ ಬಾಳಿಗೆ ರೈತ ಕಂಡುಕೊಂಡ ಉಪಾಯವೇ ಹಗೇವು. ಮನೆಯ ಮುಂದಿನ ಅಂಗಳದಲ್ಲಿಯೋ, ವಾಡೆಯ ಒಳಗೋ, ಓಣಿಯ ನಡುವೆಯೋ ನೀರಿನ ಸೆಲೆಯಿಲ್ಲದ ಗಟ್ಟಿ ನೆಲವನ್ನು ಆರಿಸಿ ಅಗೆಯುತ್ತಿದ್ದರು. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು ಕಿರಿದು. ಕೊರಳು ಇಳಿದಂತೆ ಹೊಟ್ಟೆ ಹಿರಿದು. ಒಟ್ಟಿನಲ್ಲಿ ನೆಲದಲ್ಲಿ ಹೂತ ದೊಡ್ಡದೊಂದು ಗಡಿಗೆ, ಇಲ್ಲವೆ ಶೀಶೆ. ಗೋಡೆಯನ್ನು ಮಣ್ಣು ಸೆಗಣಿಗಳಿಂದ ಸಾರಿಸಿ, ಒಳಗೆ ಬೆಂಕಿಯುರಿಸಿ ಒಣಗಿಸಿ, ತಳಕ್ಕೂ ಬದಿಗೂ ಜೋಳದ ಕಣಿಕೆಯ ಹಾಸು ಹೊದಿಸಿ, ಹತ್ತಾರು ಚೀಲ ಜೋಳವನ್ನು ಸುರಿಯುತ್ತಿದ್ದರು. ಮೇಲೆ ಹುಲ್ಲು, ಹುಲ್ಲಿನ ಮೇಲೆ ಹಾಸುಗಲ್ಲು, ಕಲ್ಲಿನ ಮೇಲೆ ಮಣ್ಣು. ನೆಲ ಸಮನಾದ ಮೇಲೆ ಅಲ್ಲಿ ಅನ್ನದ ಭಂಡಾರವಿದೆಯೆಂದು ಹೊರಗಿನವನಿಗೆ ಹೇಗೆ ತಿಳಿಯಬೇಕು? ಮರಾಠಿ ಮಾತಾಡುವ ಮನೆಗಳಲ್ಲಿ ಇದರ ಹೆಸರು ಪೇವ. ಕಾಗವಾಡದಾಚೆ, ಸಾಂಗಲಿಯ ಮಗ್ಗುಲಿನ ಹರಿಪುರದಲ್ಲಿ ಇಂಥ ಪೇವಗಳಲ್ಲಿ ಅರಿಸಿನ ತುಂಬಿಡುವ ಪದ್ಧತಿ ನಾಡಿಗೆಲ್ಲ ಹೆಸರುವಾಸಿಯಾಗಿತ್ತು. 2005ರ ಕೃಷ್ಣೆಯ ಮಹಾಪೂರ ಆ ಪೇವಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು.

ಹಗೇವಿನ ಜೋಳಕ್ಕೆ ಒಂದು ಬಗೆಯ ವಾಸನೆ. ಆ ವಾಸನೆಗೆ ಒಗ್ಗಿದವರಿಗೆ ಅದೇ ರೊಟ್ಟಿಯ ರುಚಿ. ವರ್ಷಗಟ್ಟಲೆ ಇಟ್ಟರೂ ನುಸಿ ಹತ್ತದ ಈ ಪವಾಡದ ಗುಟ್ಟು ಬಹು ಸರಳ. ಕಾಳಿಗೂ ಉಸಿರುಂಟು, ಕಾಳು ತಿನ್ನುವ ಹುಳುವಿಗೂ ಉಸಿರುಂಟು. ಬಾಯಿ ಮುಚ್ಚಿದ ಹಗೇವಿನಲ್ಲಿ ಇವೆರಡೂ ಸೇರಿ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬುತ್ತವೆ. ಆಮ್ಲಜನಕ ನೂರಕ್ಕೆ ಎರಡು ಮೂರು ಪಾಲಿಗೆ ಇಳಿದಾಗ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧವಿಲ್ಲ, ಖರ್ಚಿಲ್ಲ.

ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನು ಗುರುತಿಸಿ ಬಿಟ್ಟುಕೊಡುವುದಿಲ್ಲ.

ಹಗೆಯೊಳಗಿನ ಹಗೆ

ಕನ್ನಡದಲ್ಲಿ ಹಗೆ ಎಂದರೆ ಧಾನ್ಯದ ಕುಳಿಯೂ ಹೌದು, ವೈರಿಯೂ ಹೌದು. ಎರಡು ಪದಗಳ ಮೂಲ ಬೇರೆಯಿರಬಹುದು. ಹಗೇವಿಗೆ ಇಳಿದ ಮಗನನ್ನು ಕಳೆದುಕೊಂಡ ತಾಯಿಗೆ ಮಾತ್ರ ಆ ಎರಡೂ ಒಂದೇ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡಿನ ಪ್ರಮಾಣ ನೂರಕ್ಕೆ ಸುಮಾರು 0.04 ಪಾಲು ಮಾತ್ರ. ಅದು ನೂರಕ್ಕೆ ಹತ್ತಕ್ಕೆ ಏರಿದಲ್ಲಿ ಮನುಷ್ಯ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಮಾನ್ಯ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಮುಚ್ಚಳ ತೆಗೆದೊಡನೆ ಹಾರಿಹೋಗದೆ ಬಾವಿಯ ನೀರಿನಂತೆ ತಳದಲ್ಲಿಯೇ ನಿಂತಿರುತ್ತದೆ.

ಹಿರಿಯರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಅದರ ಫಲ ಮಾತ್ರ ಚೆನ್ನಾಗಿ ತಿಳಿದಿತ್ತು. ಅಥಣಿಯ ಕಡೆಯ ಹಳ್ಳಿಗಳಲ್ಲಿ ಹಗೇವು ತೆಗೆಯುವ ದಿನ ಅಜ್ಜ ಮೊಮ್ಮಕ್ಕಳ ನಡುವೆ ನಡೆಯುವ ಮಾತು ಹೀಗಿರುತ್ತಿತ್ತು:

“ಅಜ್ಜಾ, ನಾ ಇಳೀತೀನಿ, ಹಗ್ಗಾ ಬಿಡು.”

“ಅವಸರ ಮಾಡಬ್ಯಾಡೋ ತಮ್ಮಾ. ಮೊದಲ ಕಂದೀಲ ಇಳೀಲಿ. ಅದು ಬದುಕಿ ಬಂದರ ನೀ ಇಳಿ.”

“ನಿನ್ನೆನ ಬಾಯಿ ತಗದೇವಲ್ಲ?”

“ಬಾಯಿ ತಗದರ ಹೊಟ್ಟಿ ಖಾಲಿ ಆಗೂದಿಲ್ಲಪಾ.”

ಈ ನಾಲ್ಕು ಮಾತಿನಲ್ಲಿ ಹಗೇವಿನ ಶಾಸ್ತ್ರದ ಬಹುಭಾಗ ಅಡಗಿದೆ. ಬಾಯಿ ತೆರೆದು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಸೊಪ್ಪಿನ ಟೊಂಗೆಯನ್ನೋ, ಹಗ್ಗಕ್ಕೆ ಕಟ್ಟಿದ ಕಂಬಳಿಯನ್ನೋ ಇಳಿಸಿ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿಯನ್ನು ಕಲಕಬೇಕು. ಆಮೇಲೆ ಉರಿಯುವ ಕಂದೀಲು. ಅದು ನಂದಿದರೆ ಅಂದಿನ ಕೆಲಸಕ್ಕೆ ಅಲ್ಲಿಗೇ ಮುಕ್ತಾಯ.

ಆದರೂ ಇಂದಿನ ತಿಳಿವಳಿಕೆಯಿಂದ ನೋಡಿದರೆ ಕಂದೀಲಿನ ಸಾಕ್ಷಿ ಪೂರ್ತಿ ನಂಬತಕ್ಕದ್ದಲ್ಲ. ಅದು ನಂದಿದರೆ ಅಪಾಯವಿದೆಯೆಂಬುದು ನಿಶ್ಚಯ. ನಂದದಿದ್ದರೆ ಅಪಾಯವಿಲ್ಲವೆಂಬುದು ನಿಶ್ಚಯವಲ್ಲ. ದೀಪ ಇನ್ನೂ ಮಿಣುಕುತ್ತಿರುವಾಗಲೇ ಮನುಷ್ಯನ ತಲೆ ತಿರುಗಿಸುವಷ್ಟು ಡೈ ಆಕ್ಸೈಡು ಅಲ್ಲಿರಬಹುದು. ಅದಕ್ಕಿಂತ ಮಿಗಿಲಾದ ಮಾತೆಂದರೆ, ಧಾನ್ಯದ ಹಗೇವಿಗೆ ಹೇಳಿದ ಈ ಪರೀಕ್ಷೆಯನ್ನು ಕೊಳೆತ ಕಸದ ಗುಂಡಿಗಾಗಲಿ, ಪಾಯಿಖಾನೆಯ ಗುಂಡಿಗಾಗಲಿ ಎಂದೂ ಮಾಡಕೂಡದು. ಅಲ್ಲಿ ಹುಟ್ಟುವ ಮೀಥೇನು ಬೆಂಕಿ ಕಂಡರೆ ಸಿಡಿಯುತ್ತದೆ. ಅಲ್ಲಿಯೇ ಹುಟ್ಟುವ ಹೈಡ್ರೋಜನ್ ಸಲ್ಫೈಡು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ, ವಾಸನೆ ಹೋಯಿತು, ಅಪಾಯ ಕಳೆಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಇಂದು ಗಾಳಿಯನ್ನು ಅಳೆಯುವ ಸಣ್ಣ ಯಂತ್ರಗಳಿವೆ, ಗಾಳಿ ಊದುವ ಪಂಖಗಳಿವೆ. ಅವು ಕೈಯಲ್ಲಿಲ್ಲದವನಿಗೆ ಆಳದ ಗುಂಡಿ ವರ್ಜ್ಯ. ಮಲಗುಂಡಿಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ಅಪರಾಧವೆಂದೇ ಸಾರಿದೆ.

ಇನ್ನೊಂದು ಸಂಗತಿ ಪ್ರತಿಯೊಂದು ಮನೆಯಲ್ಲಿ ತಿಳಿದಿರತಕ್ಕದ್ದು. ಇಂಥ ದುರಂತಗಳಲ್ಲಿ ಒಬ್ಬನೇ ಸಾಯುವುದು ಅಪರೂಪ. ಅಣ್ಣ ಕುಸಿದದ್ದನ್ನು ಕಂಡು ತಮ್ಮ ಇಳಿಯುತ್ತಾನೆ, ತಮ್ಮನನ್ನು ಹಿಡಿಯಲು ನೆರೆಯವನು ಇಳಿಯುತ್ತಾನೆ. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆಯೊಂದರ ಪ್ರಕಾರ, ಇಕ್ಕಟ್ಟಿನ ಸ್ಥಳಗಳಲ್ಲಿ ಮಡಿದವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಇತರರನ್ನು ಬದುಕಿಸಲು ಹೋದವರು. ಆದುದರಿಂದ ಮೇಲೆ ನಿಂತವನ ಧರ್ಮ ಇಳಿಯುವುದಲ್ಲ. ಮೇಲೆಯೇ ನಿಂತು ಎಳೆಯುವುದು. ಇಳಿಯುವವನ ಎದೆಗೂ ಬಗಲಿಗೂ ಮೊದಲೇ ಹಗ್ಗ ಬಿಗಿದಿದ್ದರೆ ಮಾತ್ರ ಅದು ಸಾಧ್ಯ. ಹಗ್ಗವಿಲ್ಲದಾಗ 101 ಅಥವಾ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಕರೆಯಿಸುವುದೇ ಉಳಿದ ದಾರಿ. ಕಣ್ಣೆದುರಿಗೆ ಕರುಳ ಕುಡಿ ಬಿದ್ದಿರುವಾಗ ಕಾಲು ಊರಿ ನಿಲ್ಲುವುದು ಎಷ್ಟು ಕಠಿಣವೆಂಬುದು ಹೇಳದೆಯೂ ತಿಳಿಯುತ್ತದೆ. ಆದರೂ ಬದುಕಿಸುವ ಹಾದಿ ಅದೊಂದೇ.

ಬರಿದಾದ ಹೊಟ್ಟೆಗೆ ಕಸದ ತುತ್ತು

ಈಗ ಹಗೇವಿನ ಕಾಲ ಮುಗಿದಂತೆಯೇ. ಏತ ನೀರಾವರಿ ಬಂತು, ಹಿಡಕಲ್ ಜಲಾಶಯದ ಕಾಲುವೆಗಳು ಬಂದವು. ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ನೆಲದಲ್ಲಿ ತೇವ ಏರಿದ ಮೇಲೆ ನೆಲದೊಳಗಿನ ಕಾಳು ಮುಗ್ಗಿತು. ಗೋದಾಮು ಬಂತು, ಪಡಿತರದ ಅಂಗಡಿ ಬಂತು, ತಗಡಿನ ಕಣಜ ಬಂತು. ಬೇಡವಾದ ಹಗೇವಿನ ಬಾಯಿಗೆ ಮನೆಮಂದಿ ಕಂಡದ್ದನ್ನೆಲ್ಲ ಹಾಕಿದರು: ಒಲೆಯ ಬೂದಿ, ಒಡೆದ ಗಡಿಗೆ, ಮುರಿದ ಬಳೆ, ಹರಿದ ಕೆರವು, ಒಡೆದ ಶೀಶೆ.

ಪರದೇಶಗಳಲ್ಲಿ ಇಂಥ ಹಳೆಯ ಕಸದ ಗುಂಡಿಗಳನ್ನು ಅಗೆದು ನೂರು ವರ್ಷದ ಹಿಂದಿನ ಶೀಶೆಗಳನ್ನು ಹೆಕ್ಕುವುದು ಒಂದು ದೊಡ್ಡ ಹವ್ಯಾಸ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಕಸದ ದಿಬ್ಬಗಳನ್ನೂ, ಅಮೆರಿಕದಲ್ಲಿ ಹಳೆಯ ಮನೆಗಳ ಹಿತ್ತಿಲ ಪಾಯಿಖಾನೆಯ ಗುಂಡಿಗಳನ್ನೂ ಬಗೆದು ನೋಡುವ ಜನರಿದ್ದಾರೆ. ಆದರೆ ಈ ನಾಡಿನ ಗುಂಡಿಯಲ್ಲಿ ಇಡಿಯ ಶೀಶೆ ಸಿಗುವುದು ದುರ್ಲಭ. ಕಾರಣ ಬಡತನವೆಂದು ಮೂಗು ಮುರಿಯಬೇಕಾಗಿಲ್ಲ. ಅದು ಒಂದು ಬಗೆಯ ಗೃಹಿಣೀಧರ್ಮ. ದವಾಖಾನೆಯ ಔಷಧಿಯ ಶೀಶೆ ಬರಿದಾದರೆ ಅದರ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ತುರುಕಿ ಬುಡ್ಡಿದೀಪ ಮಾಡುತ್ತಿದ್ದರು. ದೊಡ್ಡ ಶೀಶೆ ಒಳ್ಳೆಣ್ಣೆಗೆ, ನಡುವಿನದು ಕೂಸಿನ ಗುಟಿಕೆಗೆ, ಚಿಕ್ಕದು ಶಾಯಿಗೆ. ಒಡೆದ ಗಾಜನ್ನೂ ಗುಜರಿಯವನು ಕೊಂಡೊಯ್ಯುತ್ತಿದ್ದ; ಅದು ಕರಗಿ ಮತ್ತೆ ಗಾಜಾಗುತ್ತಿತ್ತು. ಹೀಗೆ ಶೀಶೆಗೆ ಕಸವಾಗುವ ಯೋಗವೇ ಇರುತ್ತಿರಲಿಲ್ಲ. ಗುಂಡಿಯನ್ನು ಸೇರಿದ್ದು ಯಾರ ಕೈಯಲ್ಲಿಯೂ ಯಾವ ಉಪಯೋಗಕ್ಕೂ ಬಾರದಷ್ಟು ಪುಡಿಯಾದದ್ದು ಮಾತ್ರ.

ಆದರೂ ಒಮ್ಮೊಮ್ಮೆ ಇಡಿಯದೊಂದು ಸಿಕ್ಕುತ್ತದೆ. ಅದರ ವಯಸ್ಸನ್ನು ಓದುವ ಬಗೆ ಕುತೂಹಲಕರವಾದುದು. ಶೀಶೆಯ ಮೈಮೇಲಿನ ಅಚ್ಚಿನ ಗೆರೆಯನ್ನು ಬೆರಳಿನಿಂದ ಸವರಬೇಕು. ಗೆರೆ ಬುಡದಿಂದ ಹೊರಟು ಕೊರಳಿನಲ್ಲಿಯೇ ನಿಂತುಹೋಗಿದ್ದರೆ ತುಟಿಯನ್ನು ಕೈಯಿಂದ ಮಾಡಿ ಕೂಡಿಸಿದ್ದಾರೆಂದು ಅರ್ಥ. ಅದು ಬಹುಮಟ್ಟಿಗೆ ನೂರು ವರ್ಷಕ್ಕೂ ಹಳೆಯದು. ಗೆರೆ ತುಟಿಯ ಅಂಚನ್ನೂ ದಾಟಿದ್ದರೆ ಅದು ಯಂತ್ರದ ಕೂಸು. ಅಮೆರಿಕದ ಓವನ್ಸ್ ಎಂಬವನು ಶೀಶೆ ಮಾಡುವ ಯಂತ್ರವನ್ನು ಬಳಕೆಗೆ ತಂದದ್ದು 1903ರ ಸುಮಾರಿಗೆ. ಬುಡದಲ್ಲಿ ಒರಟು ಗಾಯದಂಥ ಗುರುತಿದ್ದರೆ, ಕುಲುಮೆಯಲ್ಲಿ ಕಬ್ಬಿಣದ ಸಲಾಕೆಗೆ ಅಂಟಿಸಿ ಮಾಡಿದ ಇನ್ನೂ ಹಳೆಯ ಕೆಲಸ. ಬಿಳಿಯ ಗಾಜು ಬಿಸಿಲಿಗೆ ನಸುನೇರಳೆ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ಮ್ಯಾಂಗನೀಸು ಬೆರೆತಿದೆ.

ಹಳೆಯ ಶೀಶೆಗಳ ರಾಜನೆಂದರೆ ಗೋಲಿ ಸೋಡೆಯ ಶೀಶೆ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ಅದಕ್ಕೆ ಹಕ್ಕುಪತ್ರ ಪಡೆದದ್ದು 1872ರಲ್ಲಿ. ಕೊರಳಿನಲ್ಲಿ ಗಾಜಿನ ಗೋಲಿ, ಬಾಯಿಗೆ ರಬ್ಬರಿನ ಉಂಗುರ. ಒಳಗಿನ ಗಾಳಿಯೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಅದು ಹುಟ್ಟಿದ ದೇಶದಲ್ಲಿ ಸಂಗ್ರಾಹಕರ ಕಪಾಟು ಸೇರಿದ ಮೇಲೂ ಇಲ್ಲಿಯ ಜಾತ್ರೆ ಸಂತೆಗಳಲ್ಲಿ ‘ಟಪ್’ ಎಂದು ಸದ್ದು ಮಾಡುತ್ತಲೇ ಬಂತು. ವಿಚಿತ್ರವೆಂದರೆ ಗೋಲಿಯನ್ನು ಒತ್ತಿ ಹಿಡಿಯುವ ಆ ಗಾಳಿ ಬೇರೆ ಯಾವುದೂ ಅಲ್ಲ. ಹಗೇವಿನ ತಳದಲ್ಲಿ ಕಾದು ಕುಳಿತ ಅದೇ ಇಂಗಾಲದ ಡೈ ಆಕ್ಸೈಡು. ಶೀಶೆಯಲ್ಲಿ ಮೂಗಿಗೆ ಕಚಗುಳಿಯಿಟ್ಟು ಮಕ್ಕಳನ್ನು ನಗಿಸುವುದು ಅದೇ. ಕುಳಿಯಲ್ಲಿ ಕೊಲ್ಲುವುದೂ ಅದೇ.

ಹಾಳುಮಣ್ಣಿನ ಬೆಲೆ

ಚಿಕ್ಕೋಡಿ ನಿಪ್ಪಾಣಿಗಳ ಕಡೆಗೆ ಸಾಗಿದಂತೆ ನೆಲ ಏರಿಳಿಯುತ್ತದೆ. ದೂಧಗಂಗೆ, ವೇದಗಂಗೆಗಳ ಬಯಲು ಬರುತ್ತದೆ. ಹಳೆಯ ಊರುಗಳಿದ್ದೆಡೆ ನೆಲ ದಿಬ್ಬವಾಗಿ ಉಬ್ಬಿಕೊಂಡಿರುವುದನ್ನು ನೋಡುವ ಕಣ್ಣಿದ್ದವರು ಗುರುತಿಸಬಲ್ಲರು. ಬೂದಿಬಣ್ಣದ ಆ ಮಣ್ಣಿಗೆ ಹಾಳುಮಣ್ಣೆಂದು ಹೆಸರು. ಮಾಳಿಗೆಯ ಮನೆಗಳ ಮೇಲೆ ಹೊದಿಸಲು ಅದು ಬಲು ಯೋಗ್ಯ. ಹೊಲಕ್ಕೆ ಗೊಬ್ಬರವೂ ಹೌದು. ಈ ಕಾರಣದಿಂದ ತಲೆಮಾರುಗಳ ಕಾಲ ರೈತರು ದಿಬ್ಬಗಳನ್ನು ಗಾಡಿಗಟ್ಟಲೆ ಕಡಿದು ಒಯ್ದಿದ್ದಾರೆ. ಮನೆಯ ಮಾಳಿಗೆಯ ಮೇಲೆ ಸಾವಿರ ವರ್ಷದ ಹಿಂದಿನ ಗಡಿಗೆಯ ಬೋಕಿಗಳು ಬಿಸಿಲು ಕಾಯಿಸುತ್ತ ಬಿದ್ದಿರುವುದು ಇದರಿಂದಲೇ.

ಇಂಥ ಮಣ್ಣು ಏನನ್ನು ಒಳಗೊಂಡಿರಬಹುದೆಂಬುದಕ್ಕೆ ಉದಾಹರಣೆ ಬೇಕಾದರೆ ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರು ಉತ್ತರಕ್ಕೆ ಹೋಗಬೇಕು. ಕೊಲ್ಹಾಪುರದಲ್ಲಿ ಪಂಚಗಂಗೆಯ ದಂಡೆಯ ಮೇಲೆ ಬ್ರಹ್ಮಪುರಿ ಎಂಬ ದಿಬ್ಬವಿದೆ. 1944–45ರ ಸುಮಾರಿಗೆ ಅಲ್ಲಿ ನಡೆದ ಅಗೆತದಲ್ಲಿ ಒಂದು ಕಂಚಿನ ರಾಶಿ ಹೊರಬಿತ್ತು. ಅದರಲ್ಲಿ ರೋಮನ್ ಲೋಕದಿಂದ ಬಂದ ಸಮುದ್ರದೇವತೆ ಪೋಸೈಡನ್ನನ ಪುಟ್ಟ ವಿಗ್ರಹವೂ ಒಂದು. ಕಡಲಿನಿಂದ ಇಷ್ಟು ದೂರ, ಸಹ್ಯಾದ್ರಿಯ ಈಚೆಗೆ, ಸಾತವಾಹನರ ಕಾಲದ ಮನೆಯೊಂದರಲ್ಲಿ ಆ ಕಡಲ ದೇವರು ಕಾಲೂರಿದ್ದನು! ಈ ಶೋಧದೊಡನೆ ಹೆಸರು ಬೆಸೆದುಕೊಂಡವರು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ. ಜಿ. ಕುಂದಣಗಾರರು. ಗೋಕಾಕ ಸೀಮೆಯ ಕೌಜಲಗಿಯಲ್ಲಿ ಹುಟ್ಟಿದ ಅವರು 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 1945–46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಂಕಾಲಿಯಾ ಹಾಗೂ ಎಂ. ಜಿ. ದೀಕ್ಷಿತರು ಶಾಸ್ತ್ರೀಯ ಉತ್ಖನನ ನಡೆಸಿದಾಗ, ಪದರ ಪದರವಾಗಿ ಸಾತವಾಹನರಿಂದ ಬಹಮನಿಯರ ವರೆಗಿನ ಬಾಳು ತೆರೆದುಕೊಂಡಿತು. ಬಹಮನಿಯರ ಕಾಲದ ಪದರದಲ್ಲಿ ಸಿಕ್ಕ ಬಣ್ಣಬಣ್ಣದ ಗಾಜಿನ ಬಳೆಗಳು ವಿದ್ವಾಂಸರ ಗಮನವನ್ನು ವಿಶೇಷವಾಗಿ ಸೆಳೆದವು. ವಿಗ್ರಹವನ್ನು ನೋಡಬಯಸುವವರು ಕೊಲ್ಹಾಪುರದ ಟೌನ್ ಹಾಲಿನ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು.

ಪದರವೆಂಬುದೇ ಇಲ್ಲಿಯ ಜೀವಾಳ. ಒಡೆದ ಬಳೆಯ ತುಂಡು ತನ್ನ ಪದರದಲ್ಲಿದ್ದರೆ ಇತಿಹಾಸ. ಅಲ್ಲಿಂದ ಕಿತ್ತು ಜೇಬಿಗೆ ಹಾಕಿಕೊಂಡರೆ ಬರಿಯ ಗಾಜು. ಹೀಗಾಗಿ ಕಾನೂನು ಕೂಡ ಇಲ್ಲಿ ಕಣ್ಣು ತೆರೆದಿದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯಿದೆ ವಿಧಿಸುತ್ತದೆ. 1972ರ ಪುರಾವಸ್ತುಗಳ ಕಾಯಿದೆಯಂತೆ ನೂರು ವರ್ಷ ತುಂಬಿದ ವಸ್ತುಗಳು ಪುರಾವಸ್ತುಗಳು. ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಆದರೂ ಅಮಾವಾಸ್ಯೆಯ ರಾತ್ರಿ ಲಿಂಬೆಹಣ್ಣು ಕುಂಕುಮ ಹಿಡಿದು ಹಾಳುಗುಡಿಗಳ ಬುಡ ಅಗೆಯುವವರು ಇಲ್ಲದಿಲ್ಲ. ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಾಣುವುದೆಂದರೆ ಇದೇ. ಹೊನ್ನಿನ ಕೊಪ್ಪರಿಗೆಯ ಆಸೆಗೆ ಅಗೆದವರ ಕೈಗೆ ಬರುವುದು ಬೋಕಿ. ಹೋಗುವುದು ಮಾತ್ರ ಕೆಲವೊಮ್ಮೆ ಪ್ರಾಣ, ಯಾವಾಗಲೂ ಊರಿನ ಚರಿತ್ರೆ.

ಅಗೆಯುವವರಿಗೆ ನಾಲ್ಕು ಮಾತು

ಮನೆಯ ಪಾಯ ತೆಗೆಯುವಾಗಲೋ, ಹಿತ್ತಿಲಲ್ಲಿ ನೀರಿನ ತೊಟ್ಟಿ ಕಟ್ಟುವಾಗಲೋ ಹಳೆಯ ಗುಂಡಿ ಎದುರಾಗುವುದು ಈ ಊರುಗಳಲ್ಲಿ ಹೊಸದಲ್ಲ. ಆಗ ಅನುಸರಿಸತಕ್ಕ ಕ್ರಮ ಇಂತಿದೆ.

ಮೊದಲನೆಯದು ಮಣ್ಣಿನ ಸ್ವಭಾವ. ಈ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ತುಂಬಿದ ಹಳೆಯ ಗುಂಡಿಯ ಮಣ್ಣಂತೂ ಹಿಟ್ಟಿನಂತೆ ಸಡಿಲ. ಒಂದು ಘನ ಮೀಟರು ಮಣ್ಣಿನ ಭಾರ ಒಂದೂವರೆ ಟನ್ನಿಗೂ ಹೆಚ್ಚು. ಎದೆಯ ಮಟ್ಟಕ್ಕೆ ಹೂತುಹೋದವನ ತಲೆ ಹೊರಗಿದ್ದರೂ ಎದೆ ಹಿಗ್ಗದೆ ಉಸಿರು ಕಟ್ಟುತ್ತದೆ. ಅಮೆರಿಕದ ಕಾರ್ಮಿಕ ನಿಯಮಗಳು 5 ಅಡಿ ಹಾಗೂ ಅದಕ್ಕಿಂತ ಆಳದ ಅಗೆತಕ್ಕೆ ಬದಿಯ ಆಸರೆ ಬೇಕೆನ್ನುತ್ತವೆ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 2 ಅಡಿ ದೂರ ಹಾಕಬೇಕೆನ್ನುತ್ತವೆ. ಸಡಿಲವಾದ ನೆಲದಲ್ಲಿ ಸೊಂಟದ ಆಳಕ್ಕೇ ಎಚ್ಚರಗೊಳ್ಳುವುದು ಲೇಸು. ಬದಿಗಳನ್ನು ನೆಟ್ಟಗೆ ಕಡಿಯದೆ ಇಳಿಜಾರಾಗಿ ಬಿಡಬೇಕು. ಹೊಳೆಯುವುದೇನೋ ಕಂಡಿತೆಂದು ಬದಿಗೆ ಬಿಲ ಕೊರೆಯುವುದು ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಂತೆ.

ಎರಡನೆಯದು, ಒಂಟಿಯಾಗಿ ಅಗೆಯಬಾರದು. ಮೇಲೊಬ್ಬ ಇರಲೇಬೇಕು, ಏಣಿ ಕೈಯಳತೆಯಲ್ಲಿರಬೇಕು. ಮಕ್ಕಳನ್ನು ಅಂಚಿಗೆ ಬಿಡಕೂಡದು.

ಮೂರನೆಯದು ಕೈಕಾಲುಗಳ ರಕ್ಷೆ. ಗಾಜು, ಮೊಳೆ, ತಗಡು, ಚೇಳು, ಹಾವು ಎಲ್ಲವೂ ಗುಂಡಿಯ ಒಡೆಯರೇ. ದಪ್ಪನೆಯ ಕೈಚೀಲ, ಗಟ್ಟಿ ಬೂಟು, ಮೊದಲೇ ಹಾಕಿಸಿದ ಧನುರ್ವಾತದ ಚುಚ್ಚುಮದ್ದು, ಇವು ಮೂರೂ ಬೇಕು. ಹಳೆಯ ಶೀಶೆಯಲ್ಲಿ ದ್ರವವಾಗಲಿ ಪುಡಿಯಾಗಲಿ ಉಳಿದಿದ್ದರೆ ಬಿರಡೆ ತೆಗೆಯಬಾರದು, ಮೂಸಬಾರದು. ಅಂದಿನ ಔಷಧಿಗಳಲ್ಲಿ ಪಾದರಸವೂ ಪಾಷಾಣವೂ ಇರುತ್ತಿದ್ದವು. ಅವುಗಳ ವಿಷಕ್ಕೆ ವಯಸ್ಸಾಗುವುದಿಲ್ಲ.

ನಾಲ್ಕನೆಯದು, ಗುದ್ದಲಿಗೆ ಟೊಳ್ಳು ಸದ್ದು ಕೇಳಿಸಿದರೆ ನಿಲ್ಲಬೇಕು. ಅದು ಹಾಸುಗಲ್ಲು, ಅದರ ಕೆಳಗೆ ಹಗೇವಿನ ಹೊಟ್ಟೆ. ಅಲ್ಲಿಂದ ಮುಂದೆ ಕಂದೀಲಿನ ಅಜ್ಜನ ಮಾತು ನೆನಪಿರಬೇಕು. ಕೆಲಸ ಮುಗಿದ ಮೇಲೆ ಗುಂಡಿಯನ್ನು ತಳದಿಂದ ಹಂತಹಂತವಾಗಿ ದಮ್ಮಸ್ಸು ಮಾಡಿ ತುಂಬಬೇಕು. ಬಾಯಿಗೆ ಹಲಗೆ ಮುಚ್ಚಿ ಮೇಲೆ ಮಣ್ಣೆಳೆಯುವುದು ಮಗನಿಗೋ ಮೊಮ್ಮಗನಿಗೋ ತೋಡಿದ ಖೆಡ್ಡ.

ಈ ಕೊನೆಯ ಮಾತು ಬರಿಯ ಊಹೆಯಲ್ಲ. ಗದಗ ಜಿಲ್ಲೆಯ ನರಗುಂದದಲ್ಲಿ 2019–20ರ ಸುಮಾರಿಗೆ ಮಳೆಯ ಹಿಂದೆಯೇ ಮನೆಗಳೊಳಗೂ ಓಣಿಗಳಲ್ಲೂ ನೆಲ ಕುಸಿಯಿತು. ಆಗ ಜನರ ಮಾತೆಲ್ಲ ಹಿರಿಯರು ತೋಡಿ ಮರೆತ ಹಗೇವುಗಳ ಕಡೆಗೆ ತಿರುಗಿತು. ಈ ಐದು ತಾಲೂಕುಗಳೂ 2019ರ ಮಹಾಪೂರವನ್ನು ಕಂಡವು. ನೀರು ನಿಂತು ಇಳಿದ ನೆಲದ ಕೆಳಗೆ ಯಾವ ಹಗೇವು ಯಾವ ಮನೆಯ ಕಂಬದ ಬುಡದಲ್ಲಿದೆಯೆಂಬುದು ಯಾವ ಕಚೇರಿಯ ಕಾಗದದಲ್ಲಿಯೂ ಸುಲಭವಾಗಿ ಸಿಗುವ ಸಂಗತಿಯಲ್ಲ. ಅದಿರುವುದು ಎಂಬತ್ತು ದಾಟಿದ ಅಜ್ಜ ಅಜ್ಜಿಯರ ನೆನಪಿನಲ್ಲಿ ಮಾತ್ರ. “ಕಟ್ಟೀ ಮುಂದ ನಾಕ ಹೆಜ್ಜಿ, ಬೇವಿನ ಗಿಡದ ಕಡೆ ಎರಡ ಹೆಜ್ಜಿ” ಎಂದು ಅವರು ಇಂದಿಗೂ ಕೋಲು ಊರಿ ತೋರಿಸಬಲ್ಲರು.

ಆ ಕೋಲು ಊರಿದ ಜಾಗಕ್ಕೆ ಒಂದು ಕಲ್ಲು ನೆಟ್ಟು, ಒಂದು ಹಾಳೆಯ ಮೇಲೆ ಓಣಿಯ ಗುರುತು ಬರೆದು ಪಂಚಾಯಿತಿಗೆ ಒಪ್ಪಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಶಾಲೆಯ ಮಕ್ಕಳು ಒಂದು ರಜೆಯಲ್ಲಿ ಮಾಡಿ ಮುಗಿಸಬಹುದು. ಅಜ್ಜನ ಪಕ್ಕದಲ್ಲಿ ಕುಳಿತು ಕೇಳುವುದಕ್ಕೆ ಕಂದೀಲೂ ಬೇಡ, ಹಗ್ಗವೂ ಬೇಡ. ಬೇಕಾದದ್ದು ಸ್ವಲ್ಪ ಅವಸರ. ಏಕೆಂದರೆ ಹಗೇವು ಇನ್ನೂ ಎಷ್ಟೋ ವರ್ಷ ನೆಲದಲ್ಲಿ ಕಾಯಬಲ್ಲದು, ಅಜ್ಜ ಕಾಯಲಾರ.